ಆರು ಮಂದಿಯ ಬೋಟು

ಕಾಳಪ್ಪನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ರೂಢಿಯಿಲ್ಲದವರ ಸುಳ್ಳು ಸಾಮಾನ್ಯವಾಗಿ ಹೇಳಿದ ಜಾಗದಲ್ಲೇ ಸಿಕ್ಕಿಬೀಳುತ್ತದೆ. ಇವನದು ಸಿಕ್ಕಿಬೀಳಲಿಲ್ಲ. ಸಿಕ್ಕಿಬಿದ್ದಿದ್ದರೆ ನಾಲ್ಕು ಮಂದಿ ನಕ್ಕು, ಒಬ್ಬಿಬ್ಬರು ಬೈದು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಜೋಡಗುಂಡಿನ ದಂಡೆಯ ಒಂದು ಮನೆಯಲ್ಲಿ ಇವತ್ತಿಗೂ ಒಬ್ಬ ಹುಡುಗಿ ಸಾಲೆಗೆ ಹೋಗಲಾರೆ ಎಂದು ಹಟ ಮಾಡುತ್ತಿರುತ್ತಿದ್ದಳು.

ಜೋಡಗುಂಡಿನ ಹೆಸರು ಕೇಳಿದವರು ಕಡಿಮೆ. ಸಾಣಾಪುರದ ಕೆರೆ ಎಲ್ಲರಿಗೂ ಗೊತ್ತು. ಅಲ್ಲಿ ಜಾಗ ಸಾಲದೆ ಹೊರಚೆಲ್ಲಿದ ಮಂದಿ ಗುಡ್ಡ ಬಳಸಿಕೊಂಡು ಈ ಕೆರೆಗೆ ಬರುತ್ತಾರೆ. ಎರಡು ದೊಡ್ಡ ಗುಂಡುಕಲ್ಲುಗಳು ನೀರೊಳಗೆ ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ, ಊರಿನ ಹೆಸರು ಅವುಗಳದೇ. ಶನಿವಾರ ಭಾನುವಾರ ಬಂತೆಂದರೆ ಹೈದರಾಬಾದಿನ ಕಾರು, ಬೆಂಗಳೂರಿನ ಬೈಕು. ದಂಡೆಯ ಮೇಲಿನ ಅಂಬಿಗರ ಒಂಬತ್ತು ಮನೆಗಳು ಮೊದಲು ಬಲೆ ಬೀಸಿ ಮೀನು ಹಿಡಿದು ಬದುಕುತ್ತಿದ್ದವು. ಈಗ ಬಿದಿರಿನ ದುಂಡು ತೆಪ್ಪಗಳಲ್ಲಿ ಮಂದಿಯನ್ನು ಕೂರಿಸಿಕೊಂಡು, ಕೆರೆಯ ನಡುವೆ ಬುಗುರಿಯ ಹಾಗೆ ಗರಗರ ತಿರುಗಿಸಿ, ಅವರು ಕಿರುಚಿದಷ್ಟೂ ಹೆಚ್ಚು ತಿರುಗಿಸಿ ಬದುಕುತ್ತವೆ. ಮೀನಿಗಿಂತ ಮನುಷ್ಯನೇ ಬೇಗ ಬಲೆಗೆ ಬೀಳುತ್ತಾನೆ ಎಂದು ಕಾಳಪ್ಪ ಚೇಷ್ಟೆ ಮಾಡುತ್ತಿದ್ದ. ಆ ಒಂಬತ್ತು ಮನೆಗಳಿಗೂ ಅವನೇ ಹಿರಿಯ. ಅವನ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ, ಮೀಸೆ ಬಂದ ಹುಡುಗರು ಕೂಡ.

ಪ್ರಭುರಾಜ ಹೊರಗಿನವನು. ಗಂಗಾವತಿಯ ಅಕ್ಕಿ ಗಿರಣಿ ಸಾವುಕಾರರ ಎರಡನೆಯ ಮಗ. ಭತ್ತದ ಧೂಳಿನಲ್ಲಿ ಬೆಳೆದವನಿಗೆ ನೀರೆಂದರೆ ಕಾಲುವೆಯಲ್ಲಿ ಬರುವ ಸಾಮಾನು, ಬಿಟ್ಟಾಗ ಬರುತ್ತದೆ, ನಿಲ್ಲಿಸಿದಾಗ ನಿಲ್ಲುತ್ತದೆ. ಗಿರಣಿ ಅಣ್ಣನ ಪಾಲಿಗೆ ಹೋದ ಮೇಲೆ ಇವನು ಜೋಡಗುಂಡಿನ ದಂಡೆಯಲ್ಲಿ ನಾಲ್ಕು ಕೋಣೆ, ಒಂದು ತಗಡಿನ ಹೋಟೆಲು ಕಟ್ಟಿದ್ದ. ಮೋಟಾರು ಬೋಟು ಬಿಡಲು ಪರವಾನಗಿಯನ್ನೂ ತಂದ. ಮನುಷ್ಯ ಕೆಟ್ಟವನಲ್ಲ. ತನಗೆ ತಿಳಿಯದ್ದನ್ನು ತಿಳಿಯದು ಎಂದು ಒಪ್ಪಿಕೊಳ್ಳುವಷ್ಟು ಒಳ್ಳೆಯವನೇ, ಅದಕ್ಕೇ ಬೋಟು ಆರಿಸಲು ಕಾಳಪ್ಪನನ್ನು ಜೊತೆಗೆ ಕರೆದ.

ಹೋಗುವ ಹಿಂದಿನ ಸಂಜೆ ಕಾಳಪ್ಪ ಅಂಗಳದಲ್ಲಿ ತೆಪ್ಪ ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದಾಗ ಮಾರೆವ್ವ ಬಂದಳು. ಎರಡು ಮನೆ ಆಚೆಯವಳು. ಅವಳ ಗಂಡ ಗ್ಯಾನಪ್ಪನ ಭುಜ ಕೀಲು ತಪ್ಪಿ ಮತ್ತೆ ಸರಿಹೋಗಿರಲಿಲ್ಲ, ಹಾಗಾಗಿ ಅವಳೇ ಹುಟ್ಟು ಹಾಕುತ್ತಿದ್ದಳು. ಗಂಡಸರ ಸಮಕ್ಕೆ ಹಾಕುತ್ತಿದ್ದಳು. ಅವಳ ಸೆರಗು ಹಿಡಿದು ಮಗಳು ಹೊಳಿಯಮ್ಮನೂ ಬಂದಿದ್ದಳು. ಎಂಟು ವರ್ಷದ ಹುಡುಗಿಗೆ ಮುತ್ತಜ್ಜಿಯ ಹೆಸರು.

"ಯಣ್ಣಾ, ನಾಳಿ ಬೋಟ್ ನೋಡಾಕ ಹೊಂಟೀಯಂತಲ್ಲ?"

"ಹೂಂ. ಎರಡು ಅದಾವಂತ. ಒಂದು ಹನ್ನೆರಡು ಮಂದೀದು, ಒಂದು ಆರು ಮಂದೀದು. ನೀ ಯಾವ್ದಂದ್ರ ಅದು ಅಂದಾರ ಸಾವ್ಕಾರ್ರು."

"ಹನ್ನೆರಡು ಮಂದೀದು ಬಂತಂದ್ರ ನಮ್ಮ ತೆಪ್ಪದಾಗ ಯಾರು ಕುಂದರ್ತಾರ? ಬಸ್ ನಿಂತಿದ್ರ ಚಕ್ಕಡಿ ಯಾರು ಹತ್ತತಾರ, ನೀನ ಹೇಳು."

ಕಾಳಪ್ಪ ಡಾಂಬರಿನ ಕುಂಚ ಎತ್ತಿದವನು ಎತ್ತಿದಂತೆಯೇ ಹಿಡಿದುಕೊಂಡ.

"ಸಣ್ಣದು ಬರ್ಲಿ," ಎಂದಳು ಮಾರೆವ್ವ. "ಶೋಕಿ ಮಾಡೋರು ನಾಕು ಮಂದಿ ಅದರಾಗ ಹೋಗ್ಲಿ, ಉಳದೋರು ನಮಗ ಸಿಗ್ತಾರ. ನನ್ನ ತೆಪ್ಪ ಹಿಂಗ ಬೋರಲ ಬಿದ್ದ ಕುಂತ್ರ ಈಕಿನ್ನ ಏನ ಹಾಕಿ ಸಾಕ್ಲಿ? ನಿನ್ನ ಮಾತು ಕೇಳ್ತಾರ ಅವ್ರು. ನಮ್ಮ ಸಲುವಾಗಿ ಒಂದು ಮಾತು ಹೇಳು."

"ಈಕಿ" ಎಂದು ತೋರಿಸಿದ ಹುಡುಗಿ ಅಷ್ಟರಲ್ಲಿ ಡಾಂಬರಿಗೆ ಬೆರಳದ್ದಿ ಮೂಗಿಗೆ ಬಳಿದುಕೊಂಡು ನಿಂತಿದ್ದಳು. ಕಾಳಪ್ಪನ ಹೆಂಡತಿ ಪಾರ್ವತೆಮ್ಮ ಒಳಗಿಂದ ಸೀಮೆಎಣ್ಣೆಯ ಅರಿವೆ ತಂದು ಬೈಯುತ್ತ ಒರೆಸಿದಳು. ಎಲ್ಲರೂ ನಕ್ಕರು. "ನೋಡೂಣು ಬಿಡವಾ," ಎಂದ ಕಾಳಪ್ಪ. ಆದರೆ ಅವನು ನೋಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಒಂಬತ್ತು ಮನೆಯ ಒಲೆ ತನ್ನ ನಾಲಿಗೆಯ ತುದಿಯಲ್ಲಿ ಕುಳಿತಿದೆ ಎಂದು ಅವನಿಗೆ ಆಗಲೇ ಅನ್ನಿಸಿಹೋಗಿತ್ತು.

ಉಮರಸಾಬನ ಶೆಡ್ಡು ಮುನಿರಾಬಾದಿನ ದಾರಿಯಲ್ಲಿತ್ತು. ಪಂಪ್‌ಸೆಟ್ಟು, ಟಿಲ್ಲರು, ಬೋಟಿನ ಮೋಟಾರು, ಕೆಟ್ಟು ನಿಂತ ಯಾವುದೇ ಯಂತ್ರಕ್ಕೂ ಜೀವ ಕೊಡುವ ಮನುಷ್ಯ. ಎಲ್ಲಿಂದಲೋ ತರಿಸಿದ ಎರಡು ಬೋಟುಗಳನ್ನು ಬೇವಿನ ನೆರಳಿಗೆ ನಿಲ್ಲಿಸಿದ್ದ. ದೊಡ್ಡದು ಎರಡು ಉದ್ದನೆಯ ಕೊಳವೆಗಳ ಮೇಲೆ ಹಲಗೆ ಹಾಸಿ, ಸುತ್ತ ಕಟಾಂಜನ ಕಟ್ಟಿದ್ದು. ಯಾರದೋ ಮನೆಯ ಪಡಸಾಲೆಗೆ ಮೋಟಾರು ಹಚ್ಚಿದ ಹಾಗಿತ್ತು. ಸಣ್ಣದು ಕೆಂಪು ಬಣ್ಣದ್ದು, ಮೂತಿ ಮೇಲೆತ್ತಿದ್ದು, ಮೇಲೆ ಕಂಬಿಗೆ ಬಿಗಿದ ನೀಲಿ ಬಟ್ಟೆಯ ಚಪ್ಪರ. ಪ್ರಭುರಾಜನ ಕಣ್ಣು ಕೆಂಪಿನ ಮೇಲೆ ಹೋಗುತ್ತಿತ್ತು, ಲೆಕ್ಕ ದೊಡ್ಡದರ ಕಡೆ ಎಳೆಯುತ್ತಿತ್ತು.

"ನೋಡ್ರಿ ಸಾವ್ಕಾರ್ರ," ಎಂದ ಉಮರಸಾಬ, "ದೊಡ್ಡದು ಎಮ್ಮಿ ಇದ್ದಂಗ. ಓಡಂಗಿಲ್ಲ, ಆದ್ರ ಮ್ಯಾಲೆ ಕುಂತು ಹುಡುಗ್ರು ಕುಣದ್ರೂ ಕೆಡವಂಗಿಲ್ಲ. ಸಣ್ಣದು ಕುದರಿ. ಜೋರ್ ಓಡತೈತಿ. ಆದ್ರ ಆರು ಅಂದ್ರ ಆರ. ಕುಂತೋರು ಕುಂತಲ್ಲೇ ಇರಬೇಕು, ಎದ್ದು ಅಡ್ಡಾಡಬಾರದು."

"ನನಗ ದೊಡ್ಡದಕ್ಕ ಮನಸ್ಸಾಗೈತಿ," ಎಂದ ಪ್ರಭುರಾಜ. "ಆದ್ರ ನೀರಾಗ ಹುಟ್ಟಿದಾಂವ ನೀನು. ನೀ ಹೇಳಪಾ ಕಾಳಪ್ಪ."

ಕಾಳಪ್ಪ ಎರಡನ್ನೂ ಸುತ್ತು ಹಾಕಿದ. ದೊಡ್ಡದರ ಹಲಗೆಯ ಮೇಲೆ ಹತ್ತಿ, ಒಂದು ಬದಿಗೆ ಹೋಗಿ ಕುಣಿದು ನೋಡಿದ. ಮುದುಕರು ಕೂತಾರು, ಬಸುರಿಯರು ಕೂತಾರು, ಮಕ್ಕಳು ಓಡಾಡಿಯಾರು. ಅವನಿಗೆ ಒಪ್ಪಿಗೆಯಾದದ್ದು ಅದೇ, ಹೇಳಬೇಕಾದದ್ದೂ ಅದೇ. ಆದರೆ ಕೆಳಗಿಳಿಯುವಷ್ಟರಲ್ಲಿ ಬೋರಲು ಬಿದ್ದ ತೆಪ್ಪಗಳು ಕಣ್ಣಮುಂದೆ ಬಂದವು.

"ದೊಡ್ಡದು ಬ್ಯಾಡ್ರಿ ಸಾವ್ಕಾರ್ರ. ಬ್ಯಾಸಗ್ಯಾಗ ನಮ್ಮ ಕೆರಿ ನೀರು ಇಳಿತೈತಿ, ಒಳಗೆಲ್ಲ ಗುಂಡದಾವು. ಇದು ತಳ ತಗಲಿಸಿಕೊಂಡು ಕುಂತ್ ಬಿಡತೈತಿ. ಸಣ್ಣದು ನಡಬರಕ ನುಸುಳತೈತಿ."

ಅದು ಸುಳ್ಳು. ಚಪ್ಪಟೆ ತಳದ ದೊಡ್ಡ ಬೋಟಿಗೆ ಮೊಣಕಾಲುದ್ದ ನೀರು ಸಾಕು. ಮೂತಿಯೆತ್ತಿ ಬಾಲ ಇಳಿಬಿಟ್ಟು ಓಡುವ ಸಣ್ಣದಕ್ಕೇ ಹೆಚ್ಚು ಆಳ ಬೇಕು. ಉಮರಸಾಬನಿಗೆ ಇದು ಗೊತ್ತಿಲ್ಲದೆ ಇಲ್ಲ. ಅವನು ಬಾಯಿ ತೆರೆದ, ಕಾಳಪ್ಪನ ಮುಖ ನೋಡಿದ, ಬಾಯಿ ಮುಚ್ಚಿಕೊಂಡು ಅತ್ತ ತಿರುಗಿ ಎಲೆಯಡಿಕೆ ಉಗುಳಿದ. ಬಡವರ ಜಗಳದಲ್ಲಿ ತನಗೇನು ಎಂದುಕೊಂಡನೋ, ಎರಡರಲ್ಲಿ ಒಂದು ಹೋದರಾಯಿತು ಎಂದುಕೊಂಡನೋ. ಪ್ರಭುರಾಜ ಕೆಂಪು ಬೋಟಿನ ಮೂತಿ ತಟ್ಟಿ, "ಆತು, ಇದ ಆಗ್ಲಿ," ಎಂದ. ಅವನ ಕಣ್ಣಿಗೆ ಬೇಕಾದದ್ದೂ ಅದೇ ಆಗಿತ್ತಲ್ಲ.

ಊರಿಗೆ ಬಂದ ಕಾಳಪ್ಪನಿಗೆ ಉಳಿದ ಎಂಟೂ ಮನೆಯವರು ದೇವರಿಗೆ ಮಾಡುವಷ್ಟು ಮರ್ಯಾದೆ ಮಾಡಿದರು. ಮಾರೆವ್ವ ಒಂದು ಬುಟ್ಟಿ ಮೀನು ತಂದಿಟ್ಟಳು. ಬೋಟು ನಡೆಸುವ ಕೆಲಸವೂ ಕಾಳಪ್ಪನಿಗೇ ಬಂತು, ಉಮರಸಾಬನ ಹತ್ತಿರ ಮೂರು ದಿನದಲ್ಲಿ ಕಲಿತ. ಹುಟ್ಟು ಹಿಡಿದ ಕೈಗೆ ಚಕ್ರ ಒಗ್ಗುವುದು ತಡವಾಗಲಿಲ್ಲ. ಕೈ ಒಗ್ಗಿತು, ಅಷ್ಟೆ. ಬೋಟನ್ನು ಕಲಿಯುವುದು ಬೇರೆಯೇ ಎಂದು ಅವನಿಗೆ ಯಾರು ಹೇಳಬೇಕು?

ಹೊಸ ತೆಪ್ಪವನ್ನು ನೀರಿಗಿಳಿಸುವ ದಿನಕ್ಕೆ ಆ ದಂಡೆಯಲ್ಲಿ ಹೊಳೆ ತೋರಿಸುವುದು ಎನ್ನುತ್ತಾರೆ. ಅರಿಶಿನ ಹಚ್ಚಿ, ಕಾಯಿ ಒಡೆದು, ನಡೆಸುವವನ ಮನೆಯ ಹೆಣ್ಣುಮಗಳನ್ನು ಮೊದಲು ಹತ್ತಿಸುತ್ತಾರೆ. ಆಮೇಲೆ ಯಾರು ಬೇಕಾದರೂ ಕಾಲಿಡಬಹುದು. ಆದರೆ ಕಾಲಿಟ್ಟವರಿಗೆ ಅವತ್ತು ಇಳಿ ಎನ್ನುವಂತಿಲ್ಲ. ಆ ಮಾತೇ ಬಾಯಿಗೆ ಬರಬಾರದು. ನೀವು ಬೇಡವೆಂದು ಇಳಿಸಿದವರನ್ನು ಗಂಗವ್ವ ತನಗೆ ಬೇಕೆಂದು ಕರೆದುಕೊಳ್ಳುತ್ತಾಳೆ, ಹಾಗೆ ನಂಬಿಕೆ. ಈ ನಂಬಿಕೆಯಿಂದ ಇಷ್ಟು ತಲೆಮಾರು ಯಾರಿಗೂ ಕೇಡಾಗಿರಲಿಲ್ಲ. ಯಾಕೆಂದರೆ ತೆಪ್ಪ ತಾನೇ ಹೇಳುತ್ತದೆ: ಭಾರ ಹೆಚ್ಚಿದರೆ ಅಂಚು ನೀರಿನ ಹತ್ತಿರ ಬರುತ್ತದೆ, ಅದನ್ನು ನೋಡಿ ದಂಡೆಯಲ್ಲಿದ್ದವರು ತಾವೇ ಹಿಂದೆ ಸರಿಯುತ್ತಾರೆ. ಕೆಂಪು ಬೋಟಿನ ಗೋಡೆ ಎತ್ತರ. ಅದು ಏನನ್ನೂ ಹೇಳುವಂಥದಲ್ಲ.

ಶುಕ್ರವಾರ ಮುಂಜಾನೆ ಪೂಜೆ. ಚಪ್ಪರದ ಕಂಬಿಗಳಿಗೆ ಬಾಳೆಕಂಬ ಕಟ್ಟಿ ಚೆಂಡುಹೂವಿನ ಮಾಲೆ ಸುತ್ತಿದರು. ಪಾರ್ವತೆಮ್ಮ ಕಾಯಿ ಒಡೆದಳು. ಕಾಳಪ್ಪನ ಮಗಳು ಗೀತಾ ಹೊಸ ಲಂಗ ಎತ್ತಿ ಹಿಡಿದು ಮೊದಲು ಹತ್ತಿದಳು. ಅವಳ ಹಿಂದೆ ಒಂದೊಂದು ಮನೆಯವರೂ ಒಂದೊಂದು ಮಗುವನ್ನು ಎತ್ತಿ ಒಳಗಿಟ್ಟರು. ಅದು ಅವರು ಕಾಳಪ್ಪನಿಗೆ ಮಾಡುತ್ತಿದ್ದ ಉಪಕಾರ. ನಮ್ಮನ್ನು ಉಳಿಸಿದೆ, ನಮ್ಮ ಮಕ್ಕಳು ಕೂತು ನಿನ್ನ ಬೋಟಿಗೆ ಒಳ್ಳೆಯದಾಗಲಿ ಎಂದು. ಪ್ರೀತಿ ಅತಿಯಾದರೂ ತಡೆಯಲು ಬರುವುದಿಲ್ಲ ನೋಡಿ, ದ್ವೇಷವನ್ನಾದರೂ ಬಾಗಿಲಲ್ಲೇ ನಿಲ್ಲಿಸಬಹುದು.

ದಂಡೆಯಲ್ಲಿ ಫೋನು ಹಿಡಿದು ನಿಂತಿದ್ದ ಪ್ರಭುರಾಜ, "ಭಾಳ ಆದ್ರಲ್ಲೋ ಕಾಳಪ್ಪ?" ಎಂದ.

"ಹುಡುಗ್ರದಾವ್ರಿ, ಹಗರ. ಒಂದು ಸುತ್ತು ಹಾಕ್ಕೊಂಡು ಬರ್ತೀನಿ."

ಮೂರು ಮಕ್ಕಳನ್ನು ಸೇರಿಸಿದರೆ ಒಬ್ಬ ಹೈದರಾಬಾದಿನವನ ತೂಕ ಆಗಲಿಕ್ಕಿಲ್ಲ ಎಂದು ಅವನು ಮನಸ್ಸಿನಲ್ಲೇ ತಕ್ಕಡಿ ಹಿಡಿದಿದ್ದ. ನೀರಿನಲ್ಲಿ ತೇಲಿಸುವ ಜಾಕೀಟುಗಳು ಪ್ಲಾಸ್ಟಿಕ್ ಹಾಳೆ ಸಹ ಹರಿಯದೆ ಹೋಟೆಲಿನ ಕೋಣೆಯಲ್ಲಿದ್ದವು. ಪೂಜೆಯ ಸುತ್ತಿಗೆ ಅವು ಯಾಕೆ ಎಂದು ಎಲ್ಲರಿಗೂ ಅನ್ನಿಸಿತ್ತು.

ಕೊನೆಗೆ ಬಂದವಳು ಮಾರೆವ್ವ. ಹೊಳಿಯಮ್ಮನನ್ನು ಎತ್ತಿ ಬೋಟಿನೊಳಗೆ ಇಳಿಸಿದಳು, ಆದರೆ ಮಗಳ ಕೈ ಬಿಡಲಿಲ್ಲ. ಒಂದು ಗಳಿಗೆ ಹಾಗೇ ನಿಂತು ಕಾಳಪ್ಪನ ಮುಖ ನೋಡಿದಳು. ಕಾಳಪ್ಪನೂ ನೋಡಿದ. ಒಂಬತ್ತನೆಯ ಮಗು. ಬಾಯಲ್ಲಿ ಒಂದು ಮಾತು ಬಂದು ಹಲ್ಲಿನ ಹಿಂದೆ ನಿಂತಿತು. ಯಾರ ಮಗುವಿಗೆ ಇಳಿ ಎನ್ನಬೇಕು? ಇವಳ ಮಗುವಿಗೆ ಎಂದರೆ ಗಂಗವ್ವನಿಗೆ ಇವಳ ಮಗುವನ್ನೇ ಬೆರಳು ಮಾಡಿ ತೋರಿಸಿದಂತೆ. ಆಶೀರ್ವಾದಕ್ಕೆ ಕಾಯುತ್ತಿದ್ದಾಳೆ ಎಂದುಕೊಂಡು ಕಾಳಪ್ಪ ನಕ್ಕ. ಅವಳು ಕೈ ಬಿಟ್ಟಳು.

ಬೋಟು ನೆಟ್ಟಗೆ ಹೋಗುವಷ್ಟು ದೂರ ಚೆನ್ನಾಗಿಯೇ ಹೋಯಿತು. ಜೋಡಿ ಗುಂಡುಗಳನ್ನು ದಾಟಿ ನಡುನೀರಿಗೆ ಬಂದಾಗ ಮಕ್ಕಳೆಲ್ಲ ಒಂದೇ ದನಿಯಲ್ಲಿ, "ತಿರುಗಸು ಮಾಮಾ! ತಿರುಗಸು!" ಎಂದು ಕೂಗಿದವು. ಹುಟ್ಟಿದಾಗಿನಿಂದ ಪರಊರಿನವರನ್ನು ಅಪ್ಪಂದಿರು ತೆಪ್ಪದಲ್ಲಿ ತಿರುಗಿಸುವುದನ್ನು ಕಂಡ ಮಕ್ಕಳು. ಕಾಳಪ್ಪ ಚಕ್ರ ತಿರುಗಿಸಿದ. ಬೋಟು ಎಡಕ್ಕೆ ವಾಲಿತು, ಬಲಬದಿ ಮೇಲೆದ್ದಿತು.

ತೆಪ್ಪದಲ್ಲಿ ಒಂದು ಬದಿ ಎದ್ದರೆ ಎದ್ದ ಬದಿಗೆ ಹೋಗಿ ಅದನ್ನು ಒತ್ತಬೇಕು. ಅಂಬಿಗರ ಮಕ್ಕಳು ಇದನ್ನು ಯಾರಿಂದಲೂ ಕಲಿಯುವುದಿಲ್ಲ, ನಡೆಯುವುದಕ್ಕೆ ಮೊದಲೇ ಮೈ ಕಲಿತಿರುತ್ತದೆ. ಒಂಬತ್ತು ಮಕ್ಕಳೂ ಒಟ್ಟಿಗೆ ಎದ್ದು ಬಲಬದಿಗೆ ಹಾರಿದವು. ಅವು ಮಾಡಿದ್ದು ತಪ್ಪಲ್ಲ, ತೆಪ್ಪದಲ್ಲಿ ಅದೇ ಜೀವ ಉಳಿಸುವ ಬುದ್ಧಿ. ಕಾಳಪ್ಪ ಗಾಬರಿಬಿದ್ದು ಮೋಟಾರು ಆರಿಸಿದ. ಓಟ ನಿಂತ ಬೋಟು ಎಡದ ವಾಲು ಬಿಟ್ಟು ನೆಟ್ಟಗಾಯಿತು. ನೆಟ್ಟಗಾದದ್ದು ಅಲ್ಲಿ ನಿಲ್ಲಲಿಲ್ಲ, ಮಕ್ಕಳ ಭಾರಕ್ಕೆ ಬಲಕ್ಕೆ ಮಗುಚಿಕೊಂಡಿತು.

ದಂಡೆಯಿಂದ ತೆಪ್ಪಗಳು ಹೊರಟ ವೇಗವನ್ನು ನೋಡಿದವರು ಇವತ್ತಿಗೂ ಹೇಳುತ್ತಾರೆ. ಎಲ್ಲರಿಗಿಂತ ಮುಂದೆ ಮಾರೆವ್ವನ ತೆಪ್ಪ. ಈಜು ಬರುವ ಮಕ್ಕಳೇ ಎಲ್ಲ. ತಲೆ ಮೇಲಿಟ್ಟುಕೊಂಡು ಕೈಕಾಲು ಬಡಿಯುತ್ತಿದ್ದವು. ಮಾರೆವ್ವ ಮೊದಲು ಎಳೆದು ಹಾಕಿಕೊಂಡದ್ದು ಕಾಳಪ್ಪನ ಮಗಳು ಗೀತಾಳನ್ನು. ಆಮೇಲೆ ಇನ್ನಿಬ್ಬರನ್ನು. ಆಮೇಲೆ ತೆಪ್ಪದಲ್ಲಿ ಎದ್ದು ನಿಂತು ಉಳಿದ ತೆಪ್ಪಗಳ ಕಡೆ ನೋಡಿ, "ನಮ್ಮಾಕಿ ಯಾರ ತೆಪ್ಪದಾಗ ಅದಾಳ?" ಎಂದು ಕೇಳಿದಳು. ಪ್ರತಿ ತೆಪ್ಪದವರೂ ತಾವು ಎತ್ತಿದ ಮಕ್ಕಳನ್ನು ಮತ್ತೊಮ್ಮೆ ಎಣಿಸಿದರು.

ತೆಪ್ಪಕ್ಕೆ ಚಪ್ಪರವಿರುವುದಿಲ್ಲ. ಬೋರಲಾದ ತೆಪ್ಪದಿಂದ ಮಗು ಕೆಳಕ್ಕೆ ಮುಳುಗಿ ಬದಿಗೆ ಬಂದು ಎದ್ದುಬಿಡುತ್ತದೆ. ಹೊಳಿಯಮ್ಮನೂ ಹಾಗೇ ಮುಳುಗಿದ್ದಾಳೆ. ಕೆಳಗೆ ನೀಲಿ ಬಟ್ಟೆ, ಬಾಳೆಕಂಬ, ಹೂವಿನ ಮಾಲೆ. ಕಾಳಪ್ಪ ಉಸಿರು ಹಿಡಿದು ಹೋಗಿ ಹೋಗಿ ಹುಡುಕಿದ. ಅವನು ಅವಳನ್ನು ಮೇಲೆ ತಂದಾಗ ಕೊರಳಿಗೆ ಚೆಂಡುಹೂವು ಸುತ್ತಿಕೊಂಡಿತ್ತು. ಮೂಗಿನ ಮಗ್ಗುಲಲ್ಲಿ ಡಾಂಬರಿನ ಕರಿ ಇನ್ನೂ ಸ್ವಲ್ಪ ಉಳಿದಿತ್ತು.

ಆಮೇಲೆ ನಡೆದದ್ದೆಲ್ಲ ನಡೆಯುವ ಹಾಗೆಯೇ ನಡೆಯಿತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವವರು ಜೀಪಿನಲ್ಲಿ ಬಂದರು. ಕೆಂಪು ಬೋಟನ್ನು ದಂಡೆಗೆಳೆದು ಹಗ್ಗ ಸುತ್ತಿ ಮೊಹರು ಹಾಕಿದರು. ಪ್ರಭುರಾಜನ ಮೇಲೂ ಕಾಳಪ್ಪನ ಮೇಲೂ ಕೇಸಾಯಿತು. ಇಬ್ಬರೂ ಒಳಗಿದ್ದು ಜಾಮೀನಿನ ಮೇಲೆ ಹೊರಬಂದರು. ವಿಚಾರಣೆಯಲ್ಲಿ ಸಣ್ಣ ಬೋಟೇ ಯಾಕೆ ತಂದಿರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕಾಳಪ್ಪ ಹೇಳಿಬಿಡುತ್ತಿದ್ದ, ಹೇಳಲು ಕಾದಿದ್ದ.

ಕೊನೆಗೆ ಬಂದ ಹುಕುಂ ಇದು: ಕೆರೆಯಲ್ಲಿ ಇನ್ನು ತೆಪ್ಪ ಬಿಡಬಾರದು. ಕಟಾಂಜನವಿರುವ ದೊಡ್ಡ ಮೋಟಾರು ಬೋಟಿಗೆ, ಲೈಸೆನ್ಸಿನ ಚಾಲಕನಿದ್ದರೆ, ಮತ್ತೆ ಪರವಾನಗಿ ಕೊಡಬಹುದು.

"ಮುಳುಗಿದ್ದು ಮೋಟಾರು, ಮಕ್ಕಳನ್ನ ಎತ್ತಿದ್ದು ತೆಪ್ಪ," ಎಂದ ಗ್ಯಾನಪ್ಪ, ಕೆಟ್ಟ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. "ಬಂದ್ ಮಾಡಿದ್ದು ತೆಪ್ಪ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಪಾ." ಮಗಳು ಸತ್ತ ಮೇಲೆ ಅವನು ಮಂದಿಯ ನಡುವೆ ಆಡಿದ ಮಾತು ಅದೊಂದೇ.

ಒಂಬತ್ತು ತೆಪ್ಪಗಳು ಒಂಬತ್ತು ಅಂಗಳದಲ್ಲಿ ಬೋರಲು ಬಿದ್ದವು. ಯಾವುದನ್ನು ತಪ್ಪಿಸಲು ಕಾಳಪ್ಪ ಸುಳ್ಳು ಹೇಳಿದ್ದನೋ ಅದೇ ಆಯಿತು, ಜೊತೆಗೆ ಒಂದು ಮಗುವೂ ಹೋಯಿತು. ಗಂಡಸರು ಗಂಗಾವತಿಯ ಗಿರಣಿಗಳಲ್ಲಿ ಮೂಟೆ ಹೊರಲು ಹೋದರು. ಹೆಂಗಸರು ಕಾಲುವೆ ಕೆಳಗಿನ ಗದ್ದೆಗಳಿಗೆ ಭತ್ತದ ನಾಟಿಗೆ ಹೋದರು, ಅವರೊಡನೆ ಮಾರೆವ್ವನೂ. ಯಾರೂ ಕಾಳಪ್ಪನನ್ನು ಬೈಯಲಿಲ್ಲ. ಇಳಿ ಎನ್ನಬಾರದ ದಿನ, ಅವನಾದರೂ ಏನು ಮಾಡಿಯಾನು, ಗಂಗವ್ವ ಕಣ್ಣು ಹಾಕಿದ್ದಳು ಎಂದರು. ದೈವದ ತಲೆಗೆ ಕಟ್ಟಿದರೆ ಎಲ್ಲರಿಗೂ ಸುಲಭ. ಕಾಳಪ್ಪನಿಗೆ ಮಾತ್ರ ಆ ಸಮಾಧಾನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ದೊಡ್ಡ ಬೋಟಿನ ಹಲಗೆಯ ಮೇಲೆ ತಾನು ಕುಣಿದು ನೋಡಿದ್ದು ಅವನ ಕಾಲಿಗೆ ನೆನಪಿತ್ತು.

ಮಾರೆವ್ವ ಅವನೊಡನೆ ಮಾತಾಡಲಿಲ್ಲ. ಸಿಟ್ಟಿನ ಮಾತೂ ಇಲ್ಲ, ಅಳುವೂ ಇಲ್ಲ. ಎದುರಾದರೆ ದಾರಿಯ ಬದಿಗೆ ಸರಿದು ಹೋಗುತ್ತಿದ್ದಳು. ಪಾರ್ವತೆಮ್ಮ ಅವರ ಮನೆಗೆ ರೊಟ್ಟಿ ಪಲ್ಯ ಒಯ್ದುಕೊಟ್ಟಳು. ಮಾರೆವ್ವ ಇಸಿದುಕೊಂಡಳು, ಮರುದಿನ ಪಾತ್ರೆ ತೊಳೆದು ತಂದು ಕಟ್ಟೆಯ ಮೇಲಿಟ್ಟು ಹೋದಳು. ಪಾತ್ರೆ ಬರಿದಾಗಿತ್ತು. ನಮ್ಮ ಕಡೆ ಇಸಿದುಕೊಂಡ ಪಾತ್ರೆಯನ್ನು ಬರಿದು ತಿರುಗಿ ಕೊಡುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಹರಳು ಸಕ್ಕರೆಯಾದರೂ ಹಾಕುತ್ತಾರೆ. ಪಾರ್ವತೆಮ್ಮ ಆ ಪಾತ್ರೆಯನ್ನು ಒಳಗೊಯ್ಯದೆ ಕಟ್ಟೆಯ ಮೇಲೇ ಕೂತು ಅತ್ತಳು.

ಮುಂದಿನ ನಾಟಿಯ ಹೊತ್ತಿಗೆ ದೊಡ್ಡ ಬೋಟು ಬಂತು. ಬೇರೆ ಯಾವುದೂ ಅಲ್ಲ, ಉಮರಸಾಬನ ಬೇವಿನ ನೆರಳಲ್ಲಿ ಅಷ್ಟು ದಿನವೂ ನಿಂತಿದ್ದ ಅದೇ ಬೋಟು. ಲಾರಿಯಿಂದ ಇಳಿಸುವಾಗ ಉಮರಸಾಬ ಕಾಳಪ್ಪನ ಹತ್ತಿರ ಬಂದು ನಿಂತ.

"ಅವತ್ತು ನೀ ಹೇಳಿದ್ದು ಖರೇ ಅಲ್ಲಂತ ನನಗ ಗೊತ್ತಿತ್ತಪಾ. ಅಂದು ಬಿಡಬೇಕಿತ್ತು. ಸುಮ್ಮನಾದ್ನಿ."

"ನೀವ್ಯಾಕ ಅನ್ಬೇಕ್ರಿ," ಎಂದ ಕಾಳಪ್ಪ. "ಬಾಯಿ ನಂದಿತ್ತು."

ನಡೆಸಲು ಹೊನ್ನಾವರದ ಕಡೆಯ ಲೈಸೆನ್ಸಿನ ಹುಡುಗ ಬಂದಿದ್ದ. ಕಾಳಪ್ಪನಿಗೆ ಪ್ರಭುರಾಜ ಬೇರೆ ಕೆಲಸ ಕೊಟ್ಟ. ಕನಿಕರಕ್ಕೆ ಕೊಟ್ಟನೋ, ಕೇಸು ಮುಗಿಯುವವರೆಗೆ ಕಣ್ಣಳತೆಯಲ್ಲಿರಲಿ ಎಂದು ಕೊಟ್ಟನೋ. ಕೊರಳಿಗೆ ಒಂದು ಸೀಟಿ. ದಂಡೆಯಲ್ಲಿ ನಿಂತು ಎಲ್ಲರಿಗೂ ಜಾಕೀಟು ಕಟ್ಟಿಸಿ, ಹನ್ನೆರಡು ಮಂದಿಯನ್ನು ಹತ್ತಿಸುವುದು, ಹದಿಮೂರನೆಯವನು ಕಾಲಿಟ್ಟರೆ ಸೀಟಿ ಊದಿ ಕೆಳಗಿಳಿಸುವುದು.

"ಇಳೀರಿ ಅಂತ ಜೋರ್ ಮಾಡಿ ಅನ್ಬೇಕ ನೋಡು," ಎಂದು ಪ್ರಭುರಾಜ ಹೇಳಿಕೊಟ್ಟ. "ಯಾರ ಮುಲಾಜೂ ನೋಡಬ್ಯಾಡ." ಹೇಳಿದ ಮೇಲೆ ತಾನೇ ಮುಖ ತಿರುಗಿಸಿಕೊಂಡ.

ಬೋಟು ನೀರಿಗಿಳಿಸುವ ದಿನವೂ ಪೂಜೆಯಾಯಿತು. ಹೂವಿಲ್ಲ, ಬಾಳೆಕಂಬವಿಲ್ಲ, ಒಂದು ಕಾಯಿ, ಎರಡು ಊದಿನಕಡ್ಡಿ. ಹನ್ನೆರಡು ಖಾಲಿ ಕುರ್ಚಿ. ಒಂಬತ್ತು ಮನೆಯ ಬಾಗಿಲುಗಳೂ ಮುಂದೆ ಮಾಡಿದ್ದವು. ಪಾರ್ವತೆಮ್ಮ ಗೀತಾಳನ್ನು ಕಳಿಸಲಿಲ್ಲ, ಕಾಳಪ್ಪ ಕರೆಯಲೂ ಇಲ್ಲ. ಹೊನ್ನಾವರದ ಹುಡುಗ ಚಕ್ರದ ಹಿಂದೆ ಕೂತು, "ಯಾರಾದ್ರೂ ಬರೂದದ್ಯಾ, ಖಾಲಿ ಬೋಟೇ ಬಿಡೂದಾ?" ಎಂದು ಕೇಳಿದ.

ಆಗ ಮಾರೆವ್ವ ಬಂದಳು. ನಾಟಿಗೆ ಹೊರಟಿದ್ದಳೆಂದು ಕಾಣುತ್ತದೆ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿತ್ತು, ಸೊಂಟದಲ್ಲಿ ಬುತ್ತಿಯ ಗಂಟು. ನೆಟ್ಟಗೆ ನಡೆದು ಬಂದು ಬೋಟಿನ ಹಲಗೆಯ ಮೇಲೆ ಕಾಲಿಟ್ಟಳು. ಬೋಟು ಸ್ವಲ್ಪವೂ ಅಲುಗಲಿಲ್ಲ. ಕೂರಲಿಲ್ಲ ಅವಳು. ಕಟಾಂಜನ ಹಿಡಿದು ನಿಂತು, ಎಷ್ಟೋ ತಿಂಗಳ ಮೇಲೆ ಕಾಳಪ್ಪನ ಮುಖ ನೋಡಿದಳು. ಅವತ್ತು ನೋಡಿದ ಹಾಗೆಯೇ ನೋಡಿದಳು.

"ಯಣ್ಣಾ. ಅವತ್ತು ಸಣ್ಣದು ತರಿಸು ಅಂದಾಕಿ ನಾನು. ಆಕಿನ್ನ ಹತ್ತಿಸಿದಾಕಿನೂ ನಾನ. ಅದು ನನಗಿರ್ಲಿ, ನಾ ಹೊತ್ಕೊಂತೀನಿ. ಆದ್ರ ನಾ ಆಕಿ ಕೈ ಬಿಡದಂಗ ನಿಂತಿದ್ನಿ. ನೆನಪೈತಿಲ್ಲೊ?"

ಕಾಳಪ್ಪ ತಲೆಯಾಡಿಸಿದ.

"ಹುಡುಗ್ರು ಹೆಚ್ಚಾಗ್ಯಾವಂತ ನನಗ ಕಂಡಿತ್ತು. ನಾನೂ ಹುಟ್ಟು ಹಾಕಾಕಿ ಅಲ್ಲೇನು? ನೀ ಹಿರೇಮನಷ್ಯಾ, ಇಳಿ ಅಂತಿ, ಅಂದಕೂಡ್ಲೆ ಎತ್ಕೊಬೇಕಂತ ಕೈ ಹಿಡ್ಕೊಂಡು ನಿಂತಿದ್ನಿ. ನೀ ನಕ್ಕಿ."

ಕಾಳಪ್ಪ ಅವತ್ತು ಆಶೀರ್ವಾದಕ್ಕೆ ನಿಂತಿದ್ದಾಳೆ ಎಂದುಕೊಂಡಿದ್ದನಲ್ಲ.

"ಗಂಗವ್ವ ಕರೀತಾಳಂತ ಹೆದರಿದ್ನವಾ," ಎಂದ.

"ಇವತ್ತೂ ಹೊಳಿ ತೋರ್ಸೋ ದಿನಾನ. ನನಗ ಅನ್ನು."

"ಏನಂತ?"

"ಇಳಿ ಅನ್ನು. ಗಂಗವ್ವ ನನ್ನ ಕರದ್ರ ಕರೀಲಿ, ನನಗೇನು. ಕರೀಲಿಲ್ಲಂದ್ರ ನನ್ನ ಮಗಳು ಸುಮ್ಮನ ಹೋದ್ಳು ಅಂತ ತಿಳಕೊಂತೀನಿ. ಅನ್ನು."

ಪ್ರಭುರಾಜ ಎರಡು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತ. ಕಾಳಪ್ಪ ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಬೇಡ ತಂಗಿ, ನನ್ನ ಕೈಲಿ ಆಗುವುದಿಲ್ಲ ಎನ್ನಲು ನೋಡಿದ. ಅವಳು ಕಾಯುತ್ತ ನಿಂತಿದ್ದಳು, ಆಗುವುದಿಲ್ಲ ಎಂಬುದನ್ನು ಅವಳು ಒಮ್ಮೆ ನೋಡಿಯಾಗಿತ್ತು.

"ಇಳಿ," ಎಂದ ಕಾಳಪ್ಪ. "ಇಳಿ ಯವ್ವಾ."

ಮಾರೆವ್ವ ಇಳಿದಳು. ಒದ್ದೆ ಮಣ್ಣಿನ ಮೇಲೆ ಕಾಲೂರಿ ನಿಂತು, ಬುತ್ತಿಯ ಗಂಟನ್ನು ಸೊಂಟದಲ್ಲಿ ಸರಿಮಾಡಿಕೊಂಡಳು.

"ಇಷ್ಟೇ ಇತ್ತು ನೋಡ ಯಣ್ಣಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗದ್ದೆಯ ದಾರಿ ಹಿಡಿದು ಹೋದಳು.

ಹೊನ್ನಾವರದ ಹುಡುಗ ಮೋಟಾರು ಶುರುಮಾಡಿದ. ದೊಡ್ಡ ಬೋಟು ಹನ್ನೆರಡು ಖಾಲಿ ಕುರ್ಚಿಗಳನ್ನು ಹೊತ್ತು ಜೋಡಿ ಗುಂಡುಗಳ ಕಡೆ ಮೆಲ್ಲಗೆ ಹೋಯಿತು. ಅದು ಸುತ್ತು ಮುಗಿಸಿ ದಂಡೆಗೆ ಬರುವವರೆಗೂ ಕಾಳಪ್ಪ ಸೀಟಿ ಹಿಡಿದು ಅಲ್ಲೇ ನಿಂತಿದ್ದ.